ಬದುಕಿರುವಾಗಲೂ ಬೇಕು ನಾಲ್ಕು ಹೆಗಲು

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ತಿಪಟೂರು ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಆಗ ವಿಜ್ಞಾನದ ಮೇಷ್ಟ್ರು. ಒಂಬತ್ತನೆಯ ತರಗತಿಗೆ ಒತ್ತಡದ ಪಾಠ ನಡೆದಿತ್ತು. ಕಪ್ಪುಹಲಗೆಯ ಮೇಲೆ ‘ಒತ್ತಡ = ಬಲ ÷ ವಿಸ್ತೀರ್ಣ’ ಎಂದು ಬರೆದು ತಿರುಗಿ ನೋಡುತ್ತೇನೆ, ಕೊನೆಯ ಬೆಂಚಿನ ಹುಡುಗನೊಬ್ಬ ಡೆಸ್ಕಿಗೆ ತಲೆಯಾನಿಸಿ ಗಾಢ ನಿದ್ದೆಯಲ್ಲಿದ್ದಾನೆ. ಆ ವಾರದಲ್ಲಿ ಅದು ಮೂರನೆಯ ಸಲ. ನನಗೆ ಸಿಟ್ಟು ಬಂತು. ಎಬ್ಬಿಸಿ ನಿಲ್ಲಿಸಿ, “ಏನೋ, ರಾತ್ರಿಯೆಲ್ಲ ತೋಟ ಕಾಯೋಕೆ ಹೋಗಿದ್ದೇನೋ?” ಎಂದೆ. ತರಗತಿ ಗೊಳ್ಳೆಂದು ನಕ್ಕಿತು.

ಹುಡುಗ ತಲೆ ತಗ್ಗಿಸಿಕೊಂಡೇ ಹೇಳಿದ: “ಇಲ್ಲ ಸಾ, ಅಪ್ಪನ್ನ ಎರಡು ಗಂಟೆಗೊಂದ್ಸಲ ಮಗ್ಗುಲು ತಿರುಗಿಸ್ಬೇಕು. ಅವ್ವ ಒಬ್ಳಿಗೇ ಆಗಲ್ಲ.”

ನಗು ನಿಂತಿತು. ನನ್ನ ಕೈಯಲ್ಲಿ ಸೀಮೆಸುಣ್ಣ ಹಾಗೆಯೇ ಉಳಿಯಿತು.

ಅವನ ತಂದೆ ಎಂಟು ತಿಂಗಳ ಹಿಂದೆ ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡಿದ್ದರು. ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ, ಚಲನೆಯಿಲ್ಲ. ಇದು ಊರಿಗೆಲ್ಲ ಗೊತ್ತಿದ್ದ ವಿಷಯ. ನನಗೂ ಗೊತ್ತಿತ್ತು. ಮೊದಲ ವಾರದಲ್ಲಿ ನಾನೂ ಆಸ್ಪತ್ರೆಗೆ ಹೋಗಿ, ಬ್ರೆಡ್ಡು-ಮೂಸಂಬಿ ಕೊಟ್ಟು, “ಧೈರ್ಯವಾಗಿರಿ” ಎಂದು ಹೇಳಿ ಬಂದಿದ್ದೆ. ಆಮೇಲೆ? ಆಮೇಲೆ ಮರೆತಿದ್ದೆ. ಕರ್ತವ್ಯ ಮುಗಿಯಿತೆಂದು ಭಾವಿಸಿದ್ದೆ ಎಂದರೆ ಇನ್ನೂ ಸರಿಯಾದೀತು.

ಅಂದು ಸಂಜೆ ಅವರ ಮನೆಗೆ ಹೋದೆ. ಹಜಾರದ ಮಂಚದ ಮೇಲೆ ಆ ಮನುಷ್ಯ. ತಲೆದೆಸೆಯಲ್ಲಿ ಒಂದು ಅಲಾರಾಂ ಗಡಿಯಾರ. ಹುಡುಗ ತಾನು ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆಗೆ ಏಳುವುದನ್ನು ಮಗ್ಗಿ ಒಪ್ಪಿಸಿದಂತೆ ಹೇಳಿದ. ಮೈ ಕೆಳಗೆ ಹಾಸಿದ ಹಳೆಯ ಸೀರೆಯ ಎರಡು ತುದಿಗಳನ್ನು ತಾಯಿ-ಮಗ ಹಿಡಿದು ಎತ್ತಿ ಹೊರಳಿಸುವುದು, ಮಂಡಿಗಳ ನಡುವೆ ದಿಂಬಿಡುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನಡಿ ಬಟ್ಟೆಯ ಸುರುಳಿ ಇಡುವುದು, ಎಲ್ಲವನ್ನೂ ಮಾಡಿ ತೋರಿಸಿದ. ನಾನು ಹಲಗೆಯ ಮೇಲೆ ಬರೆದಿದ್ದ ಸೂತ್ರವನ್ನು ಆ ಹುಡುಗ ಎಂಟು ತಿಂಗಳಿಂದ ಕೈಯಾರೆ ಪ್ರಯೋಗ ಮಾಡುತ್ತಿದ್ದ.

ಹೊರಡುವಾಗ ಅವನ ತಾಯಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. “ಮೊದ್ಲು ಎಲ್ರೂ ಬಂದ್ರು ಸಾ. ದಿನಾ ಬಂದ್ರು. ಈಗ ಯಾರ್ನ ಅಂತ ಕರೆಯೋದು, ಏನಂತ ಕೇಳೋದು?”

ನಿದ್ದೆಯಲ್ಲೂ ನಾವು ಹೊರಳುತ್ತೇವೆ

ಇಲ್ಲಿ ಸ್ವಲ್ಪ ವಿಜ್ಞಾನ. ಮಲಗಿದಾಗ ನಮ್ಮ ದೇಹದ ಭಾರವೆಲ್ಲ ಸೊಂಟದ ಹಿಂಭಾಗ, ಪೃಷ್ಠ, ಹಿಮ್ಮಡಿ, ಭುಜದ ಮೂಳೆ ಇಂಥ ಕೆಲವೇ ಜಾಗಗಳ ಮೇಲೆ ಬೀಳುತ್ತದೆ. ವಿಸ್ತೀರ್ಣ ಕಡಿಮೆ, ಆದ್ದರಿಂದ ಒತ್ತಡ ಹೆಚ್ಚು. ಚರ್ಮದೊಳಗಿನ ಲೋಮನಾಳಗಳಲ್ಲಿ ರಕ್ತದ ಒತ್ತಡ ಸುಮಾರು 32 ಮಿಲಿಮೀಟರ್ ಪಾದರಸದಷ್ಟು ಮಾತ್ರ. ಹೊರಗಿನಿಂದ ಅದಕ್ಕಿಂತ ಹೆಚ್ಚಿನ ಒತ್ತಡ ಬಿದ್ದರೆ ಆ ನಾಳಗಳು ಮುಚ್ಚಿಕೊಳ್ಳುತ್ತವೆ. ಆ ಭಾಗಕ್ಕೆ ಆಮ್ಲಜನಕ ಹೋಗುವುದು ನಿಲ್ಲುತ್ತದೆ. ಆರೋಗ್ಯವಂತನಿಗೆ ಆಗ ಜೋಮು ಹಿಡಿದಂತಾಗಿ, ನಿದ್ದೆಯಲ್ಲೇ ಅರಿವಿಲ್ಲದೆ ಹೊರಳುತ್ತಾನೆ. ಬೆನ್ನುಹುರಿ ಕಡಿದವನಿಗೆ ಆ ಸಂದೇಶ ಮಿದುಳಿಗೆ ತಲುಪುವುದೇ ಇಲ್ಲ. ಕೆಲವೇ ಗಂಟೆಗಳಲ್ಲಿ ಚರ್ಮ ಕೆಂಪಾಗಿ, ಕಪ್ಪಾಗಿ, ಕೊನೆಗೆ ಮೂಳೆಯವರೆಗೂ ಕೊಳೆಯಬಹುದಾದ ಹುಣ್ಣಾಗುತ್ತದೆ. ಇದೇ ಹಾಸಿಗೆ ಹುಣ್ಣು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ನೀರಿನ ಹಾಸಿಗೆ ಅಥವಾ ಗಾಳಿ ಹಾಸಿಗೆ ಬಳಸುವುದು ಇದನ್ನು ತಡೆಯುವ ದಾರಿ. ಮೃದುವಾದ ಹಾಸಿಗೆ ಮಾಡುವುದಿಷ್ಟೇ: ಭಾರವನ್ನು ಕಡಿಮೆ ಮಾಡುವುದಿಲ್ಲ, ಅದನ್ನು ಹೆಚ್ಚು ವಿಸ್ತೀರ್ಣಕ್ಕೆ ಹಂಚುತ್ತದೆ.

ಆ ಮನೆಯಿಂದ ಹಿಂತಿರುಗುವಾಗ ನನಗೆ ಹೊಳೆದದ್ದೂ ಅದೇ. ಕಾಯಿಲೆಯ ಭಾರವನ್ನು ನಾವು ಕಡಿಮೆ ಮಾಡಲಾರೆವು. ಆದರೆ ಆ ಭಾರವೆಲ್ಲ ಒಬ್ಬ ಹೆಂಗಸು ಮತ್ತು ಒಬ್ಬ ಹದಿನಾಲ್ಕು ವರ್ಷದ ಹುಡುಗನ ಮೇಲೆಯೇ ಬೀಳಬೇಕೇ?

ಒಲೆ ಹಚ್ಚದ ಮನೆಗೆ ಬುತ್ತಿ

ಹಾಗೆಂದು ನಮ್ಮ ಸಮಾಜಕ್ಕೆ ಕರುಣೆಯಿಲ್ಲವೆಂದಲ್ಲ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಮನೆಯವರು ಅನ್ನ-ಸಾರು ತಂದು ಬಡಿಸುತ್ತಾರೆ. ಮುಸ್ಲಿಮರಲ್ಲೂ ದುಃಖದ ಮನೆಗೆ ನೆರೆಹೊರೆಯವರು ಅಡುಗೆ ಮಾಡಿ ಕಳಿಸುವ ಪದ್ಧತಿಯಿದೆ. ಚಟ್ಟ ಕಟ್ಟುವವರು, ಗುಂಡಿ ತೋಡುವವರು, ನೆಂಟರಿಗೆ ಸುದ್ದಿ ಮುಟ್ಟಿಸುವವರು, ಯಾರೂ ಹೇಳದೆಯೇ ಕೆಲಸ ಹಂಚಿಹೋಗುತ್ತದೆ. ನಮ್ಮ ಕಡೆ ಹೊಲದ ಕೆಲಸಕ್ಕೆ ಮುಯ್ಯಾಳು ಎಂಬ ಪದ್ಧತಿಯಿತ್ತು. ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ. ಕೂಲಿಯಿಲ್ಲ, ಲೆಕ್ಕ ಮಾತ್ರ ಇದೆ; ಅದೂ ಮನಸ್ಸಿನಲ್ಲಿ.

ಈ ಪದ್ಧತಿಗಳನ್ನು ಸ್ವಲ್ಪ ಗಮನವಿಟ್ಟು ನೋಡಿ. ಇವು ಏಕೆ ನಡೆಯುತ್ತವೆ? ಏಕೆಂದರೆ ಇಲ್ಲಿ ಯಾರು, ಯಾವಾಗ, ಏನು ಮಾಡಬೇಕೆಂಬುದು ಮೊದಲೇ ಗೊತ್ತು. ನೊಂದವರು ಬಾಯಿಬಿಟ್ಟು ಕೇಳಬೇಕಾಗಿಲ್ಲ. ಆದರೆ ಇವುಗಳಿಗೆಲ್ಲ ಒಂದು ಕೊನೆಯ ದಿನವಿದೆ. ಹನ್ನೊಂದನೆಯ ದಿನವೋ ಹದಿಮೂರನೆಯ ದಿನವೋ ತಿಥಿ ಮುಗಿದು ಎಲೆ ಎತ್ತಿದರೆ ಎಲ್ಲರೂ ಅವರವರ ಮನೆಗೆ. ಎಂಟು ತಿಂಗಳು, ಎರಡು ವರ್ಷ, ಹತ್ತು ವರ್ಷ ಎಳೆಯುವ ಕಾಯಿಲೆಗೆ ನಮ್ಮಲ್ಲಿ ಪದ್ಧತಿಯೇ ಇಲ್ಲ. ಹಿಂದೆ ಕೂಡುಕುಟುಂಬವಿತ್ತು, ಮನೆಯಲ್ಲಿ ಹತ್ತು ಕೈಗಳಿದ್ದವು, ನಡೆಯಿತು. ಅಲ್ಲದೆ ಇಂಥ ಪೆಟ್ಟು ಬಿದ್ದವರು ಆಗ ಬಹಳ ಕಾಲ ಬದುಕುತ್ತಲೂ ಇರಲಿಲ್ಲ. ಈಗ ವೈದ್ಯಕೀಯ ಮುಂದುವರಿದಿದೆ, ಮನೆ ಚಿಕ್ಕದಾಗಿದೆ. ಸತ್ತ ಮೇಲೆ ನಾಲ್ಕು ಹೆಗಲು ಸಿಗುತ್ತವೆ. ಬದುಕಿರುವಾಗ?

ಕಲ್ಲಿಕೋಟೆಯಲ್ಲಿ ಹುಟ್ಟಿದ ದಾರಿ

ಇದಕ್ಕೆ ಉತ್ತರ ಹುಡುಕಿದ ಒಂದು ಊರಿನ ಕಥೆ ನನಗೆ ತಿಳಿದದ್ದು ನಮ್ಮ ಹತ್ತಿರದ ಆಸ್ಪತ್ರೆಯ ಮಲಯಾಳಿ ಸಿಸ್ಟರೊಬ್ಬರಿಂದ. ಆ ಹುಡುಗನ ತಂದೆಯ ಮೂತ್ರದ ಪೈಪು ಬದಲಿಸಲು ಬರುತ್ತಿದ್ದವರು ಅವರೇ. “ನಮ್ಮೂರ ಕಡೆ ಆಗಿದ್ದರೆ ಈ ಮನೆಗೆ ವಾರಕ್ಕೊಮ್ಮೆ ಯಾರಾದರೂ ಬಂದೇ ಬರುತ್ತಿದ್ದರು ಸರ್” ಎಂದರು. ಆ ಮೇಲೆ ನಾನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

1993ರಲ್ಲಿ ಕಲ್ಲಿಕೋಟೆಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಅರಿವಳಿಕೆ ತಜ್ಞರಾಗಿದ್ದ ಡಾ. ಎಂ.ಆರ್. ರಾಜಗೋಪಾಲ್, ಡಾ. ಕೆ. ಸುರೇಶ್ ಕುಮಾರ್ ಮತ್ತು ಅವರ ಜೊತೆಗಾರರು ‘ಪೇನ್ ಅಂಡ್ ಪಾಲಿಯೇಟಿವ್ ಕೇರ್ ಸೊಸೈಟಿ’ಯನ್ನು ಕಟ್ಟಿದರು. ಗುಣವಾಗದ ಕಾಯಿಲೆಯವರ ನೋವು, ಸಂಕಟಗಳನ್ನು ತಗ್ಗಿಸಿ, ಇರುವಷ್ಟು ದಿನ ನೆಮ್ಮದಿಯಾಗಿರುವಂತೆ ನೋಡಿಕೊಳ್ಳುವ ಉಪಶಮನ ಆರೈಕೆಯೇ ಈ ಪಾಲಿಯೇಟಿವ್ ಕೇರ್. ಇದಕ್ಕೆ ಆಧುನಿಕ ರೂಪ ಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಮೊದಲು ದಾದಿಯಾಗಿ, ನಂತರ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾದ ಈಕೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ರೋಗಿಯ ನೋವು ದೇಹದ್ದು ಮಾತ್ರವಲ್ಲ; ಮನಸ್ಸಿನ ನೋವು, ಸಾಲದ ನೋವು, ಮಕ್ಕಳ ಗತಿಯೇನೆಂಬ ನೋವು, ‘ನನಗೇ ಏಕೆ’ ಎಂಬ ನೋವು ಎಲ್ಲ ಸೇರಿಯೇ ನೋವು ಎಂಬುದು ಅವರ ತಿಳಿವಳಿಕೆ.

ಕಲ್ಲಿಕೋಟೆಯ ವೈದ್ಯರಿಗೆ ಬೇಗನೆ ಎರಡು ಸಂಗತಿಗಳು ಅರ್ಥವಾದವು. ಒಂದು, ತೀರಾ ಹಾಸಿಗೆ ಹಿಡಿದವರು ಆಸ್ಪತ್ರೆಗೆ ಬರಲಾರರು. ಆರೈಕೆಯೇ ಅವರ ಮನೆಗೆ ಹೋಗಬೇಕು. ಎರಡು, ಸಾಲ, ಒಂಟಿತನ, ಮಕ್ಕಳ ಶಾಲೆ ಇವುಗಳಿಗೆ ವೈದ್ಯರ ಬಳಿ ಮಾತ್ರೆಯಿಲ್ಲ. ಅದಕ್ಕೆ ನೆರೆಹೊರೆಯೇ ಬೇಕು. ಹೀಗೆ ಮುಖ್ಯವಾಗಿ ಮಲಪ್ಪುರಂ ಜಿಲ್ಲೆಯಲ್ಲಿ ಬೆಳೆದದ್ದು ‘ನೆರೆಹೊರೆಯ ಜಾಲ’.

ಅದರ ವ್ಯವಸ್ಥೆ ಬಹಳ ಸರಳ. ವಾರಕ್ಕೆ ಕನಿಷ್ಠ ಎರಡು ಗಂಟೆ ಬಿಡುವು ಮಾಡಿಕೊಳ್ಳಬಲ್ಲ ಯಾರಾದರೂ ಸ್ವಯಂಸೇವಕರಾಗಬಹುದು. ಅವರಿಗೆ ಹದಿನಾರು ಗಂಟೆಗಳ ತರಬೇತಿ. ಜೊತೆಗೆ ಅನುಭವಸ್ಥರೊಂದಿಗೆ ರೋಗಿಗಳ ಮನೆಗಳಿಗೆ ಭೇಟಿ. ಆಮೇಲೆ ಒಂದು ಊರಿನ ಹತ್ತು-ಹದಿನೈದು ಮಂದಿ ಸೇರಿ ಒಂದು ಗುಂಪು. ತಮ್ಮ ಊರಿನಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರ ಮನೆಯಲ್ಲಿ ಅಕ್ಕಿಯಿಲ್ಲ, ಯಾರಿಗೆ ಮಾತಾಡಲು ಜೊತೆಯಿಲ್ಲ ಎಂದು ಪಟ್ಟಿ ಮಾಡುತ್ತಾರೆ. ಹುಣ್ಣು ತೊಳೆದು ಕಟ್ಟುವುದು, ಔಷಧಿ ಕೊಡುವುದು ತರಬೇತಿ ಪಡೆದ ದಾದಿ-ವೈದ್ಯರ ಕೆಲಸ, ಉಳಿದದ್ದು ಇವರದ್ದು. ಖರ್ಚಿಗೆ ದೊಡ್ಡ ದಾನಿಗಳನ್ನು ನೆಚ್ಚಿಕೊಳ್ಳದೆ ಹೆಚ್ಚಿನ ಹಣವನ್ನು ಅಲ್ಲಲ್ಲೇ, ಅಂಗಡಿಗಳಲ್ಲಿಟ್ಟ ಡಬ್ಬಿಗಳಿಂದ, ಕೂಲಿಕಾರರು-ವಿದ್ಯಾರ್ಥಿಗಳು ಕೊಡುವ ಚಿಲ್ಲರೆ ಕಾಸಿನಿಂದ ಕೂಡಿಸಿದರು. ಕಾಸು ಕೊಟ್ಟವನಿಗೆ ‘ಇದು ನಮ್ಮದು’ ಎನ್ನಿಸಿತು. ಶಾಲಾ-ಕಾಲೇಜುಗಳ ವಿದ್ಯಾರ್ಥಿಗಳೂ ಇದರೊಳಗೆ ಬಂದರು.

2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ದೇಶದ ರಾಜ್ಯಗಳಲ್ಲಿ ಇದು ಮೊದಲನೆಯದು. ಪಂಚಾಯಿತಿಗಳು ದಾದಿಯರನ್ನು ನೇಮಿಸಿಕೊಂಡು ಮನೆಮನೆಗೆ ಕಳಿಸುವ ವ್ಯವಸ್ಥೆ ಬಂತು. ಅಲ್ಲಿ ಜನವರಿ 15ನ್ನು ಉಪಶಮನ ಆರೈಕೆಯ ದಿನವಾಗಿ ಆಚರಿಸುತ್ತಾರೆ. ಡಾ. ರಾಜಗೋಪಾಲ್ 2003ರಲ್ಲಿ ತಿರುವನಂತಪುರದಲ್ಲಿ ಕಟ್ಟಿದ ‘ಪಾಲಿಯಂ ಇಂಡಿಯಾ’ ಸಂಸ್ಥೆ ರೋಗಿಗಳ ಮಕ್ಕಳ ಓದಿಗೂ ನೆರವಾಗುತ್ತಿದೆ. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಇನ್ನೊಂದು ಮುಖ್ಯ ವಿಷಯ. ತಡೆಯಲಾರದ ನೋವಿನಿಂದ ಚೀರುವವನ ಪಕ್ಕ ಕುಳಿತು ಸಾಂತ್ವನ ಹೇಳಿದರೆ ಏನು ಫಲ? ಮೊದಲು ನೋವು ಇಳಿಯಬೇಕು. ಕ್ಯಾನ್ಸರಿನ ತೀವ್ರ ನೋವಿಗೆ ಅತ್ಯುತ್ತಮ ಮದ್ದುಗಳಲ್ಲೊಂದು ಮಾರ್ಫಿನ್. ಅದನ್ನು ತೆಗೆಯುವುದು ಅಫೀಮಿನಿಂದ. ಅಫೀಮು ಬೆಳೆಯುವುದು ನಮ್ಮ ದೇಶದಲ್ಲೇ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ, ಸರ್ಕಾರದ ಪರವಾನಗಿಯಿಂದ. ಆದರೆ 1985ರ ಮಾದಕ ವಸ್ತು ಕಾಯಿದೆಯ ಬಿಗಿ ನಿಯಮಗಳಿಗೆ ಹೆದರಿ ಔಷಧಿ ಅಂಗಡಿಗಳೂ ಆಸ್ಪತ್ರೆಗಳೂ ಮಾರ್ಫಿನ್ ಇಡುವುದನ್ನೇ ಬಿಟ್ಟವು. ಮುಂದಿನ ಹನ್ನೆರಡು ವರ್ಷಗಳಲ್ಲಿ ದೇಶದಲ್ಲಿ ಅದರ ಬಳಕೆ ಶೇಕಡಾ 90ಕ್ಕೂ ಹೆಚ್ಚು ಕುಸಿಯಿತು. ಅಫೀಮು ಬೆಳೆಯುವ ದೇಶದಲ್ಲೇ ರೋಗಿಗಳು ನೋವಿನಿಂದ ಸತ್ತರು. ಈ ವೈದ್ಯರು ಮತ್ತು ಅವರಂಥ ಅನೇಕರ ಬಹಳ ವರ್ಷಗಳ ಪ್ರಯತ್ನದ ನಂತರ 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ತರಬೇತಿ ಪಡೆದ ವೈದ್ಯರ ಕೈಯಲ್ಲಿ, ಸರಿಯಾದ ಪ್ರಮಾಣದಲ್ಲಿ, ನೋವಿಗಾಗಿಯೇ ಕೊಟ್ಟ ಮಾರ್ಫಿನ್ ಬೇರೆ. ಅಮಲಿಗಾಗಿ ತೆಗೆದುಕೊಳ್ಳುವುದು ಬೇರೆ. ಇದನ್ನು ವಿದ್ಯಾರ್ಥಿಗಳು ತಿಳಿದಿರಬೇಕು.

ನಮ್ಮ ರಾಜ್ಯದಲ್ಲೂ ಕೆಲಸ ನಡೆದಿಲ್ಲವೆಂದಲ್ಲ. ಬೆಂಗಳೂರಿನ ‘ಕರುಣಾಶ್ರಯ’ 1999ರಿಂದ, ಚಿಕಿತ್ಸೆಯ ಹಂತ ಮೀರಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಆದರೆ ಪ್ರತಿ ಹಳ್ಳಿಗೂ ಅಂಥದೊಂದು ಸಂಸ್ಥೆ ಬರಲೆಂದು ಕಾಯಲಾದೀತೇ? ಕೇರಳದ ಸಾಕ್ಷರತೆ, ಗಟ್ಟಿಯಾದ ಪಂಚಾಯಿತಿಗಳು ಅಲ್ಲಿನ ಕೆಲಸಕ್ಕೆ ನೆರವಾದದ್ದು ನಿಜ. ಅದನ್ನು ಇದ್ದಂತೆಯೇ ಎತ್ತಿ ತಂದು ನೆಡಲಾಗದು. ಆದರೆ ‘ವಾರಕ್ಕೆ ಎರಡು ಗಂಟೆ’ ಎಂಬ ಬೀಜವನ್ನು ಎಲ್ಲಿ ಬೇಕಾದರೂ ಹಾಕಬಹುದು.

ನಮ್ಮ ನೋಟುಬುಕ್ಕಿನ ಪ್ರಯೋಗ

ನಾವು ಹಾಕಿ ನೋಡಿದೆವು. ಮೊದಲ ದಿನವೇ ಎಡವಿದೆವು. ಉತ್ಸಾಹದಿಂದ ನಾನು ಎಂಟು ಮಕ್ಕಳನ್ನು ಕಟ್ಟಿಕೊಂಡು ಆ ಮನೆಗೆ ನುಗ್ಗಿದೆ. ಆ ಮನುಷ್ಯ ಮಾತಾಡದೆ ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟರು. ಊರಿಗೆಲ್ಲ ಮರ ಹತ್ತಿ ಕಾಯಿ ಕೆಡವುತ್ತಿದ್ದ ಗಟ್ಟಿ ಆಳು. ಮಗನ ಗೆಳೆಯರು ತನ್ನನ್ನು ಆ ಸ್ಥಿತಿಯಲ್ಲಿ ನೋಡಲೆಂದು ಅವರೇಕೆ ಬಯಸುತ್ತಾರೆ? ಹೊರಗೆ ಬಂದ ಮೇಲೆ ಸಿಸ್ಟರು ನನ್ನನ್ನು ಸರಿಯಾಗಿಯೇ ತರಾಟೆಗೆ ತೆಗೆದುಕೊಂಡರು. “ಮೊದಲು ಕೇಳಬೇಕು ಸರ್. ಅದು ಅವರ ಮನೆ, ಅವರ ದೇಹ.”

ಮರುದಿನ ಒಬ್ಬನೇ ಹೋಗಿ ಕ್ಷಮೆ ಕೇಳಿದೆ. ಅವರಿಗೇನು ಬೇಕು, ಆ ತಾಯಿಗೇನು ಬೇಕು ಎಂದು ಕೇಳಿದೆ. ತಾಯಿ ಬಹಳ ಹೊತ್ತು ಯೋಚಿಸಿ, “ವಾರಕ್ಕೊಂದ್ಸಲ ಸಂತೆಗೆ ಹೋಗಿ ಬರೋ ಹಂಗಾದ್ರೆ ಸಾಕು” ಎಂದರು. ಅವರು ಸಂತೆ ನೋಡಿ ಎಂಟು ತಿಂಗಳಾಗಿತ್ತು. ತಂದೆ ಕೇಳಿದ್ದು ಒಂದೇ: ಗಡ್ಡ ತೆಗೆಸಿಕೊಳ್ಳಬೇಕು.

ಇಷ್ಟೇ! ಇದಕ್ಕೆ ಯಾವ ನಿಧಿ ಬೇಕು?

ಒಂದು ನೋಟುಬುಕ್ಕಿನಲ್ಲಿ ವಾರದ ಏಳು ದಿನಗಳ ಗೆರೆ ಎಳೆದೆವು. ಸಂತೆಯ ದಿನವಾದ ಗುರುವಾರ ಪಕ್ಕದ ಬೀದಿಯ ಅಜ್ಜಿಯೊಬ್ಬರು ಮೂರು ಗಂಟೆ ಬಂದು ಕೂರುತ್ತಿದ್ದರು. ಭಾನುವಾರ ಕ್ಷೌರದವರು ಅಂಗಡಿ ತೆರೆಯುವ ಮುಂಚೆ ಬಂದು ಹೋಗುತ್ತಿದ್ದರು. ವಾರದಲ್ಲಿ ಮೂರು ರಾತ್ರಿ ಹನ್ನೆರಡರ ಮತ್ತು ಎರಡರ ಮಗ್ಗುಲನ್ನು ಬೀದಿಯ ಇಬ್ಬರು ಯುವಕರು ವಹಿಸಿಕೊಂಡರು. ಹುಡುಗ ಆ ಮೂರು ರಾತ್ರಿ ಅಜ್ಜಿಯ ಮನೆಯಲ್ಲಿ ನಿದ್ದೆ ಮಾಡಿದ. ಸಹಪಾಠಿಗಳಿಗೆ ಕೊಟ್ಟ ಕೆಲಸ ತಪ್ಪಿದ ಪಾಠಗಳನ್ನು ಬರೆದುಕೊಡುವುದು. ಸಿಸ್ಟರು ಒಂದು ಶನಿವಾರ ಮಧ್ಯಾಹ್ನ ಎಲ್ಲರಿಗೂ ಹೊರಳಿಸುವ ವಿಧಾನ, ಕೈ ತೊಳೆಯುವುದು, ಚರ್ಮ ಕೆಂಪಾದದ್ದನ್ನು ಗುರುತಿಸುವುದು ಕಲಿಸಿದರು.

ಎಲ್ಲವೂ ಸಾಂಗವಾಗಿ ನಡೆಯಿತೆಂದು ಹೇಳಿದರೆ ಸುಳ್ಳಾದೀತು. ಯುವಕರಲ್ಲೊಬ್ಬ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಸುಗ್ಗಿಯ ಕಾಲದಲ್ಲಿ ಗೆರೆಗಳು ಖಾಲಿ ಉಳಿದವು. ಆದರೆ ನೋಟುಬುಕ್ಕು ಇದ್ದುದರಿಂದ ಯಾವ ಗೆರೆ ಖಾಲಿಯಿದೆ ಎಂಬುದಾದರೂ ಕಾಣುತ್ತಿತ್ತು. ಮೊದಲು ಅದು ಯಾರಿಗೂ ಕಾಣುತ್ತಿರಲಿಲ್ಲ.

ಎರಡು ವರ್ಷದ ನಂತರ ಮೂತ್ರದ ಸೋಂಕು ಮೂತ್ರಪಿಂಡಕ್ಕೇರಿ ಆ ತಂದೆ ತೀರಿಕೊಂಡರು. ಮೈಮೇಲೆ ಒಂದು ಹುಣ್ಣೂ ಇರಲಿಲ್ಲ. ಊರೆಲ್ಲ ಬಂತು, ತಿಥಿಯಾಯಿತು, ಎಲ್ಲರೂ ಹೋದರು. ಅಜ್ಜಿ ಮಾತ್ರ ಮುಂದಿನ ಗುರುವಾರವೂ ಬಂದರು. ಕಾಯಲು ರೋಗಿಯಿರಲಿಲ್ಲ, ಆ ತಾಯಿಯ ಜೊತೆ ಸುಮ್ಮನೆ ಅವರೆಕಾಯಿ ಸುಲಿಯುತ್ತಾ ಕುಳಿತರು. ಹುಡುಗ ಒಂದು ದಿನ ನನಗೆ ಹೇಳಿದ: “ರಾತ್ರಿ ಎರಡು ಗಂಟೆಗೆ ಈಗ್ಲೂ ಎಚ್ಚರ ಆಗುತ್ತೆ ಸಾ. ಎದ್ದು ಕೂರ್ತೀನಿ. ಆದ್ರೆ ಮಾಡಕ್ಕೆ ಕೆಲ್ಸ ಇಲ್ಲ.”

ದುಃಖವೂ ದೇಹಕ್ಕೆ ತಾಗುತ್ತದೆ

ದುಃಖವೆಂಬುದು ಬರಿಯ ಮನಸ್ಸಿನ ವಿಷಯವೆಂದು ತಿಳಿಯಬಾರದು. 1990ರಲ್ಲಿ ಜಪಾನಿನ ವೈದ್ಯರು ವಿಚಿತ್ರವಾದ ಒಂದು ಹೃದಯದ ತೊಂದರೆಯನ್ನು ವರ್ಣಿಸಿದರು. ಲಕ್ಷಣಗಳೆಲ್ಲ ಹೃದಯಾಘಾತದವೇ, ಆದರೆ ರಕ್ತನಾಳದಲ್ಲಿ ತಡೆಯಿಲ್ಲ. ಹೃದಯದ ಎಡ ಹೃತ್ಕುಕ್ಷಿ ಬಲೂನಿನಂತೆ ಉಬ್ಬಿ, ಅಲ್ಲಿನ ಬೆಸ್ತರು ಆಕ್ಟೋಪಸ್ ಹಿಡಿಯುವ ಮಡಕೆಯ ಆಕಾರ ತಾಳುತ್ತದೆ. ಆ ಮಡಕೆಯ ಹೆಸರಿನಿಂದಲೇ ಅದನ್ನು ‘ಟಕೋತ್ಸುಬೋ’ ಎಂದರು. ಹತ್ತಿರದವರ ಸಾವಿನಂಥ ಆಘಾತದ ನಂತರ ಇದು ಬರಬಹುದು. ಹೆಚ್ಚಾಗಿ ಕಾಣುವುದು ವಯಸ್ಸಾದ ಹೆಂಗಸರಲ್ಲಿ. ಬಹುಪಾಲು ಮಂದಿ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ‘ಎದೆಯೊಡೆದುಕೊಂಡರು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಬರಿಯ ಮಾತಲ್ಲ.

ಹಾಗೆಯೇ 2010ರಲ್ಲಿ ಅಮೆರಿಕದ ಸಂಶೋಧಕಿ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನು, ಒಟ್ಟು 3 ಲಕ್ಷಕ್ಕೂ ಹೆಚ್ಚು ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿದರು. ನಂಟು-ಸ್ನೇಹ ಗಟ್ಟಿಯಾಗಿದ್ದವರು ಆ ಅವಧಿಯಲ್ಲಿ ಬದುಕುಳಿಯುವ ಸಂಭವ ಉಳಿದವರಿಗಿಂತ ಸರಾಸರಿ ಶೇಕಡಾ 50ರಷ್ಟು ಹೆಚ್ಚಿತ್ತು. ಸ್ನೇಹಿತರಿದ್ದರೆ ರೋಗ ವಾಸಿಯಾಗುತ್ತದೆ ಎಂದು ಇದರರ್ಥವಲ್ಲ. ಎರಡು ಸಂಗತಿಗಳು ಜೊತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆನ್ನಲಾಗದು ಎಂದು ತರಗತಿಯಲ್ಲಿ ಹೇಳುವವನು ನಾನೇ. ಆದರೆ ಒಂಟಿತನವನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ ಎಂಬುದಂತೂ ಸ್ಪಷ್ಟ.

ತಾಯಿತಂದೆಯರಿಗೊಂದು ಮಾತು

“ಪರೀಕ್ಷೆ ಮುಗಿಯೋವರೆಗೂ ಮಗೂಗೆ ಗೊತ್ತಾಗೋದು ಬೇಡ ಸಾರ್” ಎಂದು ಪೋಷಕರು ನನ್ನ ಬಳಿ ಎಷ್ಟೋ ಸಲ ಹೇಳಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಮಕ್ಕಳಿಗೆ ಗೊತ್ತಾಗದೆ ಇರುವುದಿಲ್ಲ. ಬಾಗಿಲ ಹಿಂದಿನ ಪಿಸುಮಾತು, ಅಮ್ಮನ ಕೆಂಪು ಕಣ್ಣು, ಹಠಾತ್ತನೆ ಬಂದಿಳಿದ ನೆಂಟರು, ಇವನ್ನೆಲ್ಲ ಕೂಡಿ ಅವರು ತಾವೇ ಉತ್ತರ ಕಂಡುಕೊಳ್ಳುತ್ತಾರೆ. ಅದು ನಿಜಕ್ಕಿಂತ ಭಯಂಕರವಾಗಿರುತ್ತದೆ. ಕೆಲವು ಮಕ್ಕಳು ‘ನಾನು ಹಟ ಮಾಡಿದ್ದಕ್ಕೇ ಹೀಗಾಯಿತು’ ಎಂದು ಒಳಗೊಳಗೇ ಕೊರಗುತ್ತಾರೆ. ವಯಸ್ಸಿಗೆ ತಕ್ಕಂತೆ, ಸರಳ ಮಾತಿನಲ್ಲಿ ನಿಜ ಹೇಳಿ. ಸತ್ತವರನ್ನು ‘ನಿದ್ದೆ ಮಾಡುತ್ತಿದ್ದಾರೆ’ ಎಂದು ಚಿಕ್ಕ ಮಗುವಿಗೆ ಹೇಳಿದರೆ ಅದು ನಿದ್ದೆಗೇ ಹೆದರಬಹುದು. ಮನೆಯಲ್ಲಿ ಕಾಯಿಲೆಯಿದ್ದರೆ ಶಾಲೆಗೆ ತಿಳಿಸಿ. ಹಾಗೆ ಯಾರಾದರೂ ನನಗೆ ತಿಳಿಸಿದ್ದರೆ, ನೆನಪಿಸಿದ್ದರೆ, ಅಂದು ತರಗತಿ ಆ ಹುಡುಗನನ್ನು ನೋಡಿ ನಗುತ್ತಿರಲಿಲ್ಲ. ಹಾಗೆಂದು ತಪ್ಪನ್ನು ಅವರ ಮೇಲೆ ಹಾಕಲಾರೆ. ಕೇಳಬೇಕಾದವನು ನಾನು.

ವಿದ್ಯಾರ್ಥಿಗಳೇ, ಗೆಳೆಯನ ಮನೆಯಲ್ಲಿ ಸಾವಾದಾಗ ಏನು ಮಾತಾಡುವುದೆಂದು ತಿಳಿಯದೆ ನೀವು ದೂರ ಉಳಿಯುತ್ತೀರಿ. ದೊಡ್ಡವರಿಗೂ ತಿಳಿಯುವುದಿಲ್ಲ, ಹೆದರಬೇಡಿ. ‘ಎಲ್ಲಾ ಸರಿ ಹೋಗುತ್ತೆ’ ಎಂದು ಹೇಳಬೇಕಾಗಿಲ್ಲ. ಪಕ್ಕದಲ್ಲಿ ಕುಳಿತರೆ ಸಾಕು. ತೀರಿಕೊಂಡವರ ಹೆಸರೆತ್ತಲು ಅಂಜಬೇಡಿ. ಅವರನ್ನು ಊರು ಮರೆತಿಲ್ಲ ಎಂಬುದೇ ಮನೆಯವರಿಗೆ ಸಮಾಧಾನ. ‘ಏನಾದರೂ ಬೇಕಿದ್ದರೆ ಹೇಳಿ’ ಎಂಬ ಮಾತನ್ನು ಮಾತ್ರ ಬಿಡಿ. ಆ ಮಾತಿನಿಂದ ನೊಂದವರ ಮೇಲೆ ಇನ್ನೊಂದು ಕೆಲಸ ಬೀಳುತ್ತದೆ: ಏನು ಬೇಕೆಂದು ಯೋಚಿಸುವ ಕೆಲಸ, ಬಾಯಿಬಿಟ್ಟು ಕೇಳುವ ಕೆಲಸ. ‘ಗುರುವಾರ ಐದು ಗಂಟೆಗೆ ನಾನು ಬರಲಾ? ನೀವು ಹೊರಗೆ ಹೋಗಿ ಬನ್ನಿ’ ಎನ್ನಿ. ದಿನ ಹೇಳಿ, ಗಂಟೆ ಹೇಳಿ, ಹೇಳಿದ ಮೇಲೆ ತಪ್ಪದೆ ಹೋಗಿ. ಮೊದಲ ವಾರ ಎಲ್ಲರೂ ಇರುತ್ತಾರೆ. ನೀವು ಮೂರನೆಯ ತಿಂಗಳು ಹೋಗಿ.

ಕಳೆದ ವರ್ಷ ನನ್ನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎಂಬತ್ತು ದಾಟಿದ ಜೀವ, ಹಾಸಿಗೆ ಹಿಡಿದರು. ಇಷ್ಟೆಲ್ಲ ತಿಳಿದಿದ್ದ ನಾನು ಮೊದಲ ರಾತ್ರಿ ಒಬ್ಬನೇ ಅವರನ್ನು ಎಳೆದು ಮಗ್ಗುಲು ಮಾಡಲು ಹೋಗಿ ಅವರನ್ನೂ ನೋಯಿಸಿ, ನನ್ನ ಬೆನ್ನನ್ನೂ ಉಳುಕಿಸಿಕೊಂಡೆ. ಬೆಳಗ್ಗೆ ಆ ಹುಡುಗನಿಗೆ ಫೋನು ಮಾಡಿದೆ. ಈಗ ಅವನು ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಮಧ್ಯಾಹ್ನದೊಳಗೆ ಬಂದ. ಕೈ ತೊಳೆದು, ಅಮ್ಮನನ್ನು “ಅಜ್ಜಿ, ಮುಟ್ಟಲಾ?” ಎಂದು ಕೇಳಿ, ಹಳೆಯ ಸೀರೆಯನ್ನು ಮಡಿಸಿ ಹಾಸಿದ. “ಎಳೀಬೇಡಿ ಸಾ, ಚರ್ಮ ಕಿತ್ತು ಬರುತ್ತೆ. ಆ ತುದಿ ನೀವು ಹಿಡ್ಕೊಳ್ಳಿ, ಈ ತುದಿ ನಾನು. ಎಳೆಯೋದಲ್ಲ, ಎತ್ತೋದು” ಎಂದ.

ಎತ್ತಿದೆವು. ಅಮ್ಮ ಹಗುರವಾಗಿ ಹೊರಳಿದರು.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ: “ಗುರುವಾರ ಸಂಜೆ ಅಂಗಡಿ ಬೇಗ ಮುಚ್ತೀನಿ ಸಾ. ಆರು ಗಂಟೆಗೆ ಬರ್ಲಾ? ನೀವೂ ಅಮ್ಮಾವ್ರೂ ಒಂದಿಷ್ಟು ಹೊರಗೆ ಹೋಗಿ ಬನ್ನಿ.”